ಅಮೆರಿಕ ಕೆಟ್ಟುಹೋಯಿತು ಎನ್ನುವವರು ತಮ್ಮ ನಾಯಕರನ್ನು ಅಳೆಯುವುದು ಯಾವ ಕೋಲಿನಿಂದ?

ಕೊಲಂಬಸ್ ಕನ್ನಡತಿ

ನಮ್ಮ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿವೇಕ್ ರಾಮಸ್ವಾಮಿಯವರ ಹೆಸರು ಬಂತೆಂದರೆ ಜಗಳ ಖಚಿತ. ಒಹಾಯೋದ ಗವರ್ನರ್ ಆಗಲು ಹೊರಟಿರುವ ಮನುಷ್ಯ, ಹಾಗಾಗಿ ಹೆಸರು ಬಾರದ ವಾರವೇ ಇಲ್ಲ. ಮೊನ್ನೆ ಯಾರೋ ಅವರು 2024ರ ಡಿಸೆಂಬರ್‌ನಲ್ಲಿ ಎಕ್ಸ್‌ನಲ್ಲಿ ಬರೆದಿದ್ದನ್ನು ಹುಡುಕಿ ತಂದು ಹಾಕಿದರು. ಅಮೆರಿಕದ ಸಂಸ್ಕೃತಿ ಬಹಳ ಕಾಲದಿಂದ ಪ್ರತಿಭೆಯನ್ನು ಬಿಟ್ಟು ಸಾಧಾರಣತೆಯನ್ನು ಮೆರೆಸುತ್ತಿದೆ, ಗಣಿತ ಒಲಿಂಪಿಯಾಡ್ ಗೆದ್ದವನಿಗಿಂತ ಶಾಲೆಯ ನೃತ್ಯಕೂಟದ ಪ್ರಾಮ್ ರಾಣಿಗೆ ಹೆಚ್ಚು ಬೆಲೆ ಕೊಡುವ ಕಡೆ ಒಳ್ಳೆಯ ಎಂಜಿನಿಯರುಗಳು ಹುಟ್ಟುವುದಿಲ್ಲ ಎಂಬರ್ಥದ ಉದ್ದನೆಯ ಬರಹ ಅದು. ಎಚ್-1ಬಿ ವೀಸಾ ಗದ್ದಲದ ನಡುವೆ ಬಂದಿತ್ತು.

ಆಗ ಅವರ ಮೇಲೆ ಮುಗಿಬಿದ್ದವರಲ್ಲಿ ಹೆಚ್ಚಿನವರು ಅವರದೇ ರಿಪಬ್ಲಿಕನ್ ಪಾಳಯದ ಸಂಪ್ರದಾಯವಾದಿಗಳೇ. ಅಮೆರಿಕದ ಕೆಲಸಗಾರರಲ್ಲಾಗಲಿ ಸಂಸ್ಕೃತಿಯಲ್ಲಾಗಲಿ ಯಾವ ಕೊರತೆಯೂ ಇಲ್ಲ ಎಂದು ಅದೇ ಪಕ್ಷದ ನಿಕ್ಕಿ ಹೇಲಿಯವರೂ ಉತ್ತರ ಕೊಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಟಿ.ವಿ., ಸಿನಿಮಾ, ಸಂಗೀತ, ವಿಶ್ವವಿದ್ಯಾಲಯ ಎಲ್ಲವೂ ಕೆಟ್ಟು ಕೂತಿವೆ ಎಂದು ನಲವತ್ತು ವರ್ಷ ಸಾರಿದ ಬಳಗಕ್ಕೆ, ಅದೇ ಮಾತನ್ನು ಪಾಲಕ್ಕಾಡಿನ ಮೂಲದವರ ಮಗ ಹೇಳಿದ ಕೂಡಲೇ ಸಂಸ್ಕೃತಿ ನಿಷ್ಕಳಂಕವಾಗಿ ಕಂಡಿತು!

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದಿದೆ. 1998ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ವಿವಾಹೇತರ ಸಂಬಂಧದ ಪ್ರಕರಣ ನಡೆಯುವಾಗ, ನಾಯಕನ ಖಾಸಗಿ ನಡತೆ ಸಡಿಲವಾದರೆ ದೇಶದ ನಡತೆಯೂ ಸಡಿಲವಾಗುತ್ತದೆ ಎಂದು ಸದರ್ನ್ ಬ್ಯಾಪ್ಟಿಸ್ಟ್ ಚರ್ಚುಗಳ ಒಕ್ಕೂಟ ನಿರ್ಣಯವನ್ನೇ ಮಾಡಿತ್ತು. 2016ರ ಅಕ್ಟೋಬರ್‌ನಲ್ಲಿ ಟ್ರಂಪ್ ಅವರು ಹೆಂಗಸರ ಬಗ್ಗೆ ಆಡಿದ ಮಾತಿನ ವಿಡಿಯೊ ಹೊರಬಂತು. ನವೆಂಬರ್‌ನಲ್ಲಿ ಅದೇ ಚರ್ಚುಗಳ ಭಕ್ತರು ಸಾಲುಗಟ್ಟಿ ಅವರಿಗೆ ಮತ ಹಾಕಿದರು. ಕುಟುಂಬ ಒಡೆಯುತ್ತಿದೆ, ಮಕ್ಕಳಿಗೆ ಹಿರಿಯರ ಭಯವಿಲ್ಲ ಎನ್ನುವ ಅವರ ದೂರಿನಲ್ಲಿ ಹುರುಳಿದೆ ಎಂದು ನಂಬಿದವಳು ನಾನು. ಆದರೆ ಅಳತೆಗೋಲನ್ನೇ ಬೇಲಿಯಾಚೆ ಎಸೆದವರ ದೂರನ್ನು ಹೇಗೆ ತೆಗೆದುಕೊಳ್ಳಬೇಕು? ಇಲ್ಲಿರುವವರೂ, ಊರಿನಲ್ಲಿದ್ದು ನೋಡುತ್ತಿರುವವರೂ ಹೇಳಿ.

ಗಿರಗಿಟ್ಲೆ

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಚರ್ಚೆ ಮುಗಿಯಿತು, ಎಲ್ಲರೂ ಮನೆಗೆ ಹೋಗಬಹುದು.

ಬಯಲುಸೀಮೆಯವ

ಅಷ್ಟು ಸುಲಭಕ್ಕೆ ಮುಗಿಸಬೇಡಿ. ನಾನು ಡಾಲಸ್ ಕಡೆ ಇರುವವನು, ನನ್ನ ಒಲವು ಯಾವ ಕಡೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು, ಮುಚ್ಚಿಡುವುದಿಲ್ಲ.

ಅಕ್ಕ, ಮೊದಲು ಆ ದೂರು ಸರಿಯೋ ತಪ್ಪೋ ನೋಡೋಣ. 1992ರ ಮೇ ತಿಂಗಳಲ್ಲಿ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಭಾಷಣ ಮಾಡಿದರು. ಲಾಸ್ ಏಂಜಲೀಸ್ ಗಲಭೆಯಾಗಿ ಮೂರು ವಾರ ಕಳೆದಿರಲಿಲ್ಲ. ಬಡತನದ ಬೇರು ಕುಟುಂಬದ ಕುಸಿತದಲ್ಲಿದೆ ಎನ್ನುತ್ತಾ, ‘ಮರ್ಫಿ ಬ್ರೌನ್’ ಧಾರಾವಾಹಿಯ ನಾಯಕಿ ಗಂಡನಿಲ್ಲದೆ ಮಗು ಹೆರುವುದನ್ನು ಇನ್ನೊಂದು ಜೀವನಶೈಲಿ ಎಂಬಂತೆ ತೋರಿಸುತ್ತಾರೆ ಎಂದು ಟೀಕಿಸಿದರು. ಇಡೀ ದೇಶ ನಕ್ಕಿತು. ಇಲ್ಲದ ಹೆಂಗಸಿನ ಜೊತೆ ಜಗಳಕ್ಕೆ ಹೋದ ಉಪಾಧ್ಯಕ್ಷ ಎಂದು ತಡರಾತ್ರಿಯ ಹಾಸ್ಯಗಾರರೆಲ್ಲ ಹಿಡಿದುಕೊಂಡರು. ವರ್ಷ ತುಂಬುವ ಮೊದಲೇ, 1993ರ ಏಪ್ರಿಲ್‌ನಲ್ಲಿ, ‘ದಿ ಅಟ್ಲಾಂಟಿಕ್’ ಪತ್ರಿಕೆ ‘ಡ್ಯಾನ್ ಕ್ವೇಲ್ ಹೇಳಿದ್ದೇ ಸರಿ’ ಎಂಬರ್ಥದ ಶೀರ್ಷಿಕೆಯನ್ನು ಮುಖಪುಟದಲ್ಲಿ ಹಾಕಿತು. ಅದೇನು ಬಲಪಂಥೀಯ ಪತ್ರಿಕೆಯಲ್ಲ.

ಅಂಕಿಯನ್ನೂ ನೋಡಿ. 1960ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಐದು ಮಕ್ಕಳ ತಾಯಂದಿರಿಗೆ ಮದುವೆಯಾಗಿರಲಿಲ್ಲ. ಈಗ ಅದು ನೂರಕ್ಕೆ ನಲವತ್ತು. ಇದನ್ನು ಹೇಳಿದವನು ಸಂತನಾಗಿರಲಿ, ಠಕ್ಕನಾಗಿರಲಿ, ನಲವತ್ತು ನಲವತ್ತೇ.

ಗಿರಗಿಟ್ಲೆ

ಅದೇ ಕ್ವೇಲ್ ಮರುತಿಂಗಳೇ ನ್ಯೂಜೆರ್ಸಿಯ ಶಾಲೆಯೊಂದರಲ್ಲಿ ಆಲೂಗೆಡ್ಡೆಯ ಸ್ಪೆಲ್ಲಿಂಗ್ ಸರಿಯಾಗಿ ಬರೆದಿದ್ದ ಹುಡುಗನಿಗೆ ಕೊನೆಯಲ್ಲಿ ಒಂದು ‘ಇ’ ಸೇರಿಸು ಎಂದರಲ್ಲ? ಶಿಕ್ಷಣ ಕುಸಿಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ಸಾಕ್ಷ್ಯ ಯಾರು ಕೊಟ್ಟಾರು.

ಬಯಲುಸೀಮೆಯವ

ಬಂತು ಆಲೂಗೆಡ್ಡೆ. ಮೂವತ್ತು ವರ್ಷದಿಂದ ಇದೊಂದೇ ಉತ್ತರ.

ನಿವೃತ್ತ ಮೇಷ್ಟ್ರು

ಮೈಸೂರಿನಿಂದ ಬರೆಯುತ್ತಿದ್ದೇನೆ. ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಆಗಾಗ ಹೋಗಿ ಬರುತ್ತೇನೆ. ಅಮೆರಿಕನ್ ಸಾಹಿತ್ಯ ಪಾಠ ಮಾಡಿದವನಾದ್ದರಿಂದ ಸ್ವಲ್ಪ ಹಿಂದಕ್ಕೆ ಎಳೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈ ದೂರಿಗೆ ನಲವತ್ತು ವರ್ಷವಲ್ಲ, ಮುನ್ನೂರೈವತ್ತು ವರ್ಷ. ಮ್ಯಾಸಚೂಸೆಟ್ಸ್‌ಗೆ ಬಂದ ಪ್ಯೂರಿಟನ್ನರ ಎರಡನೆಯ ತಲೆಮಾರು ದೊಡ್ಡದಾಗುವ ಹೊತ್ತಿಗೇ ಅಲ್ಲಿನ ಪಾದ್ರಿಗಳು, ನಿಮ್ಮ ಅಪ್ಪಂದಿರ ಭಕ್ತಿ ನಿಮಗಿಲ್ಲ, ದೇವರು ಈ ನೆಲದ ಮೇಲೆ ಮುನಿಯುತ್ತಾನೆ ಎಂದು ಬೋಧಿಸತೊಡಗಿದ್ದರು. ಎಷ್ಟು ಬೋಧಿಸಿದರೂ ಜನ ಬದಲಾಗದಿದ್ದಾಗ 1662ರಲ್ಲಿ ಚರ್ಚಿನ ಸದಸ್ಯತ್ವದ ನಿಯಮವನ್ನೇ ಅರ್ಧ ಸಡಿಲಿಸಿಕೊಂಡರು. 1873ರಲ್ಲಿ ಕಾಮ್‌ಸ್ಟಾಕ್ ಕಾಯ್ದೆ ಬಂತು, ಅಶ್ಲೀಲವೆನಿಸಿದ್ದನ್ನೂ ಗರ್ಭನಿರೋಧಕದ ಮಾಹಿತಿಯನ್ನೂ ಅಂಚೆಯಲ್ಲಿ ಕಳುಹಿಸುವುದು ಅಪರಾಧವಾಯಿತು. 1954ರಲ್ಲಿ ಸೆನೆಟ್ಟಿನ ಉಪಸಮಿತಿ ಕೂತು, ಕಾಮಿಕ್ಸ್ ಓದಿ ಹುಡುಗರು ಕೆಡುತ್ತಾರೆಯೇ ಎಂದು ವಿಚಾರಣೆ ನಡೆಸಿತು. 1957ರ ಜನವರಿಯಲ್ಲಿ ಎಲ್ವಿಸ್ ಪ್ರೀಸ್ಲಿಯನ್ನು ಟಿ.ವಿ.ಯಲ್ಲಿ ಸೊಂಟದಿಂದ ಮೇಲೆ ಮಾತ್ರ ತೋರಿಸಿದರು, ಕೆಳಗಿನ ಅರ್ಧ ದೇಶವನ್ನು ಹಾಳು ಮಾಡುತ್ತದೆ ಎಂದು. ಇವತ್ತಿನ ಸಂಪ್ರದಾಯವಾದಿ ‘ಆ ಹಳೆಯ ಒಳ್ಳೆಯ ಕಾಲ’ ಎಂದು ಬೆರಳು ತೋರಿಸುವುದು ಅದೇ 1957ರ ಕಡೆಗೆ!

ಆದ್ದರಿಂದ ಕುಸಿತದ ಕೂಗು ಅಮೆರಿಕದ ಕಾಯಿಲೆಯಲ್ಲ, ಅಲ್ಲಿನ ಮನೆಮಾತು. ಅದಿಲ್ಲದೆ ಅವರಿಗೆ ಚುನಾವಣೆ ನಡೆಸಲು ಬರುವುದಿಲ್ಲ.

ಬಯಲುಸೀಮೆಯವ

ಮೇಷ್ಟ್ರೇ, ನಿಮ್ಮ ಇತಿಹಾಸಕ್ಕೆ ಕೈಮುಗಿದೆ. ಆದರೆ ಹಿಂದೆ ಹತ್ತು ಸಲ ಸುಳ್ಳು ಬೆಂಕಿಯೆಂದು ಕೂಗಿದ್ದರು ಎಂಬ ಕಾರಣಕ್ಕೆ ಈ ಸಲದ ಹೊಗೆ ಸುಳ್ಳಾಗುತ್ತದೆಯೇ?

ತುಂಗಾತೀರ

ಹೊಗೆಯನ್ನೇ ಸ್ವಲ್ಪ ಪರೀಕ್ಷಿಸೋಣ. ಬಯಲುಸೀಮೆಯವರು ಕೊಟ್ಟ ಅಂಕಿ ಸರಿ, ಆದರೆ ಒಂದೇ ಕಿಟಕಿಯದು. 1991ರಲ್ಲಿ ಹದಿಹರೆಯದ ಸಾವಿರ ಹುಡುಗಿಯರಲ್ಲಿ ಸುಮಾರು 62 ಮಂದಿ ಹೆರುತ್ತಿದ್ದರು. 2023ಕ್ಕೆ ಅದು 13ರ ಆಸುಪಾಸಿಗೆ ಇಳಿದಿದೆ. ವಿಚ್ಛೇದನದ ಪ್ರಮಾಣ 1981ರಲ್ಲಿ ಸಾವಿರ ಜನಸಂಖ್ಯೆಗೆ 5.3 ಇದ್ದದ್ದು ಈಗ ಅರ್ಧಕ್ಕಿಂತ ಕಡಿಮೆ. ಹಿಂಸಾಪರಾಧ 1990ರ ದಶಕದ ಆರಂಭದ ಮಟ್ಟಕ್ಕೆ ಹೋಲಿಸಿದರೆ ಸರಿಸುಮಾರು ಅರ್ಧ. ಕೆಟ್ಟ ಅಂಕಿ ಮೇಲೇರಿದಾಗ ಸಂಸ್ಕೃತಿಯನ್ನು ದೂರುವವರು, ಇಳಿದಾಗ ಸಂಸ್ಕೃತಿಗೆ ಧನ್ಯವಾದ ಹೇಳಿದ್ದನ್ನು ನಾನು ಎಲ್ಲೂ ಓದಿಲ್ಲ.

ಇನ್ನು ಕುಟುಂಬದ ವಿಷಯ. ಯಾರ ತಪ್ಪನ್ನೂ ಸಾಬೀತು ಮಾಡದೆ ವಿಚ್ಛೇದನ ಪಡೆಯುವ ಕಾನೂನಿಗೆ ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಸಹಿ ಹಾಕಿದವರು ಯಾರು? ರೊನಾಲ್ಡ್ ರೇಗನ್. ವಿಚ್ಛೇದಿತರಾಗಿದ್ದು ಅಧ್ಯಕ್ಷರಾದ ಮೊದಲಿಗರೂ ಅವರೇ. ‘ಕುಟುಂಬ ಮೌಲ್ಯ’ಗಳ ಪಕ್ಷ ಇಂದಿಗೂ ಅವರ ಚಿತ್ರಕ್ಕೇ ಹಾರ ಹಾಕುತ್ತದೆ.

ಹುಬ್ಬಳ್ಳಿ ಹವಾ

ಕ್ಲಿಂಟನ್‌ಗೆ ಆದ ಶಿಕ್ಷೆಯನ್ನೂ ಮರೆಯಬೇಡಿ. ಹೆಣ್ಣಿನ ವಿಷಯದಲ್ಲಿ ಸುಳ್ಳು ಹೇಳಿದ್ದಕ್ಕೆ ಅಧ್ಯಕ್ಷನನ್ನೇ ಕಿತ್ತುಹಾಕಿದ ದೇಶ ಅದು. ನಮ್ಮಲ್ಲಿ ಆದೀತೇ?

ತುಂಗಾತೀರ

ಕಿತ್ತುಹಾಕಲಿಲ್ಲ ಸ್ವಾಮಿ. 1998ರ ಡಿಸೆಂಬರ್ 19ರಂದು ಕೆಳಮನೆ ದೋಷಾರೋಪ ಹೊರಿಸಿತು, ಅಷ್ಟೇ. 1999ರ ಫೆಬ್ರುವರಿ 12ರಂದು ಸೆನೆಟ್ ಖುಲಾಸೆ ಮಾಡಿತು. ಒಂದು ಆರೋಪಕ್ಕೆ 45 ಮತ, ಇನ್ನೊಂದಕ್ಕೆ 50. ಬೇಕಾಗಿದ್ದು 67. ಕ್ಲಿಂಟನ್ ಅವಧಿ ಮುಗಿಸಿಯೇ ಇಳಿದರು.

ನಿಜಕ್ಕೂ ಕುರ್ಚಿ ಬಿಟ್ಟವರು ಬೇರೆಯವರು. ಆ ಡಿಸೆಂಬರ್ 19ರಂದೇ, ಸ್ಪೀಕರ್ ಆಗಬೇಕಿದ್ದ ರಿಪಬ್ಲಿಕನ್ ಬಾಬ್ ಲಿವಿಂಗ್‌ಸ್ಟನ್ ಸದನದಲ್ಲಿ ಎದ್ದು ನಿಂತು ಕ್ಲಿಂಟನ್ ರಾಜೀನಾಮೆ ಕೊಡಬೇಕು ಎಂದರು. ವಿರೋಧಿಗಳು ‘ನೀನೇ ಕೊಡು’ ಎಂದು ಕೂಗಿದರು. ತಾನು ಸ್ಪೀಕರ್ ಆಗುವುದಿಲ್ಲ, ಸದನವನ್ನೂ ಬಿಡುತ್ತೇನೆ ಎಂದು ಅವರು ಅಲ್ಲೇ ಘೋಷಿಸಿಬಿಟ್ಟರು. ಅವರ ವಿವಾಹೇತರ ಸಂಬಂಧಗಳು ಅದಾಗಲೇ ಹೊರಬಿದ್ದಿದ್ದವು. ಅವರಿಗಿಂತ ಮುಂಚೆ ಆ ಸ್ಥಾನದಲ್ಲಿದ್ದ ನ್ಯೂಟ್ ಗಿಂಗ್ರಿಚ್, ದೋಷಾರೋಪದ ದಿನಗಳಲ್ಲಿ ತನಗೂ ಅಂಥದೇ ಸಂಬಂಧವಿತ್ತೆಂದು 2007ರಲ್ಲಿ ಒಪ್ಪಿಕೊಂಡರು. ಆಮೇಲೆ ಸ್ಪೀಕರ್ ಆದ ಡೆನ್ನಿಸ್ ಹ್ಯಾಸ್ಟರ್ಟ್ 2016ರಲ್ಲಿ ಹದಿನೈದು ತಿಂಗಳ ಜೈಲು ಶಿಕ್ಷೆ ಪಡೆದರು. ಹಿಂದೆ ಶಾಲೆಯಲ್ಲಿ ತರಬೇತುದಾರರಾಗಿದ್ದಾಗ ಹುಡುಗರ ಮೇಲೆ ಎಸಗಿದ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಡಲು ಹಣ ಕೊಟ್ಟ ವ್ಯವಹಾರ ಅದು.

ಮೂರು ಸ್ಪೀಕರುಗಳ ಈ ಸಾಲನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಿದರೆ, ಸರ್, ಇದು ಧಾರಾವಾಹಿಯ ಕಥೆಯೇ ಎಂದು ಕೇಳುತ್ತಾರೆ.

ಹುಬ್ಬಳ್ಳಿ ಹವಾ

ಎರಡೂವರೆ ಸ್ಪೀಕರು ಎನ್ನಿ. ಲಿವಿಂಗ್‌ಸ್ಟನ್ ಆಗಲೇ ಇಲ್ಲವಲ್ಲ.

ಬಯಲುಸೀಮೆಯವ

ಒಂದೇ ಕಡೆಯ ಬಟ್ಟೆ ಒಗೆಯುತ್ತಿದ್ದೀರಿ. ಕ್ಲಿಂಟನ್ ಪರವಾಗಿ ಆಗ ನಿಂತವರು ಯಾರು? ಸ್ತ್ರೀವಾದಿ ಸಂಘಟನೆಗಳ ಎಷ್ಟೋ ಮುಂದಾಳುಗಳು. ಕೆಲಸ ಕಲಿಯಲು ಬಂದ ಇಪ್ಪತ್ತೆರಡರ ಹುಡುಗಿ, ಎದುರಿಗೆ ದೇಶದ ಅಧ್ಯಕ್ಷ. ‘ಖಾಸಗಿ ವಿಷಯ’ ಎಂದುಬಿಟ್ಟರು. ಡೆಮಾಕ್ರಟಿಕ್ ಸೆನೆಟರ್ ಕರ್ಸ್ಟನ್ ಗಿಲ್ಲಿಬ್ರ್ಯಾಂಡ್ ಅವರಿಗೆ ಕ್ಲಿಂಟನ್ ಆಗ ರಾಜೀನಾಮೆ ಕೊಡಬೇಕಿತ್ತು ಎನಿಸಿದ್ದು 2017ರಲ್ಲಿ, ಹಿಲರಿ ಕ್ಲಿಂಟನ್ ಚುನಾವಣೆ ಸೋತ ಮೇಲೆ. ಹತ್ತೊಂಬತ್ತು ವರ್ಷ ಎಲ್ಲಿದ್ದರು?

ನಡತೆ ಮುಖ್ಯವಲ್ಲ ಎಂಬ ಪಾಠವನ್ನು ಮೊದಲು ಕಲಿಸಿದವರು ಅವರು. ನಮ್ಮ ಕಡೆಯವರು ಕಲಿಯುವುದಕ್ಕೆ ಸ್ವಲ್ಪ ತಡ ಮಾಡಿದರು, ಅಷ್ಟೇ.

ಕೊಲಂಬಸ್ ಕನ್ನಡತಿ

ಅಂದರೆ ಕಲಿತದ್ದು ನಿಜ ಎಂದಾಯಿತಲ್ಲ.

ತುಂಗಾತೀರ

ಎಷ್ಟು ಚೆನ್ನಾಗಿ ಕಲಿತರು ಎನ್ನುವುದಕ್ಕೆ ಲೆಕ್ಕವೇ ಇದೆ. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದವನು ಸಾರ್ವಜನಿಕ ಹುದ್ದೆಯಲ್ಲಿ ನೀತಿಯಿಂದ ನಡೆಯಬಲ್ಲನೇ ಎಂದು ಪಿಆರ್‌ಆರ್‌ಐ ಎಂಬ ಸಮೀಕ್ಷಾ ಸಂಸ್ಥೆ 2011ರಲ್ಲಿ ಕೇಳಿದಾಗ, ಸದರ್ನ್ ಬ್ಯಾಪ್ಟಿಸ್ಟರಂಥ ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ ನೂರಕ್ಕೆ 30 ಜನ ಮಾತ್ರ ‘ನಡೆಯಬಲ್ಲ’ ಎಂದಿದ್ದರು. ಎಲ್ಲ ಗುಂಪುಗಳಲ್ಲಿ ಅತಿ ಕಟ್ಟುನಿಟ್ಟಿನವರು ಅವರೇ ಆಗಿದ್ದರು. 2016ರ ಅಕ್ಟೋಬರ್‌ನಲ್ಲಿ ಅದೇ ಪ್ರಶ್ನೆಗೆ ‘ನಡೆಯಬಲ್ಲ’ ಎಂದವರು ನೂರಕ್ಕೆ 72. ಐದು ವರ್ಷದಲ್ಲಿ ಬೈಬಲ್ ಬದಲಾಗಿರಲಿಲ್ಲ, ಅಭ್ಯರ್ಥಿ ಬದಲಾಗಿದ್ದರು.

ಬಯಲುಸೀಮೆಯವ

ಅದೇ ಸಮೀಕ್ಷೆಯಲ್ಲಿ ದೇಶದ ಒಟ್ಟು ಜನರ ಅಭಿಪ್ರಾಯವೂ 44ರಿಂದ 61ಕ್ಕೆ ಏರಿದೆ. ಸಡಿಲವಾದದ್ದು ಎಲ್ಲರದೂ. ನಮ್ಮ ಪಕ್ಕದ ಮನೆಯವರು ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಜನ. ನಾನು ಇದನ್ನೇ ಕೇಳಿದ್ದಕ್ಕೆ ಅವರು, ನಾವು ಪಾದ್ರಿಯನ್ನು ಆರಿಸುತ್ತಿಲ್ಲ, ನ್ಯಾಯಾಧೀಶರನ್ನು ನೇಮಿಸುವವನನ್ನು ಆರಿಸುತ್ತಿದ್ದೇವೆ ಎಂದರು. ಟ್ರಂಪ್ ನೇಮಿಸಿದ ಮೂವರೂ ಇದ್ದ ಸುಪ್ರೀಂ ಕೋರ್ಟಿನ ಬಹುಮತ 2022ರ ಜೂನ್‌ನಲ್ಲಿ, ಗರ್ಭಪಾತದ ಹಕ್ಕು ಕೊಟ್ಟಿದ್ದ ‘ರೋ’ ತೀರ್ಪನ್ನು ತಳ್ಳಿಹಾಕಿತು. ಅವರ ದೃಷ್ಟಿಯಲ್ಲಿ ಕೊಟ್ಟ ಮತಕ್ಕೆ ಮೋಸವಾಗಿಲ್ಲ.

ಉಡುಪಿ ನರ್ಸ್

ನಾನು ಒಹಾಯೋ ನದಿಯ ದಂಡೆಯ ಒಂದು ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ನೀವೆಲ್ಲ ಸ್ಪೀಕರು, ನ್ಯಾಯಾಧೀಶರು ಎನ್ನುತ್ತಿದ್ದೀರಿ. ‘ಸಾಂಸ್ಕೃತಿಕ ಅವನತಿ’ ನನಗೆ ಕಾಣುವುದು ರಾತ್ರಿ ಪಾಳಿಯಲ್ಲಿ. ಮೂಗಿಗೆ ನಾರ್ಕಾನ್ ಸಿಂಪಡಿಸಿ ಎಬ್ಬಿಸಿದ ಹುಡುಗ ಕಣ್ಣು ಬಿಟ್ಟು ನಮಗೇ ಬೈಯುತ್ತಾನೆ, ನಶೆ ಇಳಿಸಿದ್ದಕ್ಕೆ. ಹೊರಗಿನ ಬೆಂಚಿನಲ್ಲಿ ಅಜ್ಜಿ, ಅವಳ ತೊಡೆಯ ಮೇಲೆ ಅವನ ಮಗು. ನಡುವಿನ ತಲೆಮಾರು ಕಾಣುವುದೇ ಇಲ್ಲ. 2022ರಲ್ಲಿ ಈ ದೇಶದಲ್ಲಿ ಮಾದಕವನ್ನು ಮಿತಿಮೀರಿ ಸೇವಿಸಿ ಸತ್ತವರು ಒಂದು ಲಕ್ಷಕ್ಕೂ ಮೇಲೆ. ಈಚೆಗೆ ಇಳಿಯುತ್ತಿದೆ, ದೇವರು ದೊಡ್ಡವನು.

ಇದೇ ಒಹಾಯೋದಲ್ಲಿ ಬೆಳೆದ ಜೆ.ಡಿ. ವ್ಯಾನ್ಸ್ ತಮ್ಮ ಜನರ ಸೋಮಾರಿತನ, ಜಗಳಗಂಟತನ, ಒಡೆದ ಮನೆಗಳನ್ನು ಮುಚ್ಚುಮರೆಯಿಲ್ಲದೆ ಬರೆದು ಹೆಸರು ಮಾಡಿದವರು. 2016ರಲ್ಲಿ ಅವರೇ ಟ್ರಂಪ್ ಅವರನ್ನು ‘ಸಾಂಸ್ಕೃತಿಕ ಹೆರಾಯಿನ್’ ಎಂದು ಕರೆದಿದ್ದರು. ಕ್ಷಣಕ್ಕೆ ಹಾಯೆನಿಸುತ್ತದೆ, ರೋಗ ವಾಸಿಯಾಗುವುದಿಲ್ಲ ಎಂಬರ್ಥದಲ್ಲಿ. ಈಗ ಅವರೇ ಉಪಾಧ್ಯಕ್ಷರು.

ಮತ್ತೆ, ಈ ರೋಗವನ್ನೆಲ್ಲ ಸಂಸ್ಕೃತಿಯ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಆಕ್ಸಿಕಾಂಟಿನ್ ಎಂಬ, ಚಟ ಹತ್ತಿಸುವ ನೋವಿನ ಮಾತ್ರೆ 1996ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ವೈದ್ಯರಿಗೆ ಹೇಗೆ ಮಾರಿದರು ಎಂಬುದಕ್ಕೆ ಪರ್ಡ್ಯೂ ಕಂಪನಿ 2007ರಲ್ಲೂ 2020ರಲ್ಲೂ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿದೆ. ನದಿಯಗುಂಟ ಪೋರ್ಟ್ಸ್‌ಮತ್‌ನಂಥ ಊರುಗಳಲ್ಲಿ ಚೀಟಿ ಬರೆದು ಮಾತ್ರೆ ಮಾರುವ ದುಕಾನುಗಳೇ ತೆರೆದುಕೊಂಡಿದ್ದವು. ಉಕ್ಕಿನ ಕಾರ್ಖಾನೆ ಹೋಗಿ ಎಷ್ಟೋ ವರ್ಷವಾಗಿತ್ತು. ಬೆನ್ನುನೋವಿಗೆ ಔಷಧ ಕೇಳಲು ಹೋದ ಗಣಿ ಕೆಲಸಗಾರನಿಗೆ ಮೌಲ್ಯಗಳಿರಲಿಲ್ಲವೇ?

ಬಯಲುಸೀಮೆಯವ

ಸಿಸ್ಟರ್, ಇದಕ್ಕೆ ನನ್ನ ತಕರಾರಿಲ್ಲ. ಆದರೆ ಕಾರ್ಖಾನೆ 1930ರ ದಶಕದಲ್ಲೂ ಮುಚ್ಚಿದ್ದವು. ಆಗ ಜನ ಹೀಗೆ ಕುಸಿಯಲಿಲ್ಲ, ಚರ್ಚಿತ್ತು, ಸಂಘವಿತ್ತು, ಮನೆಯಲ್ಲಿ ಅಪ್ಪ ಇದ್ದ.

ಉಡುಪಿ ನರ್ಸ್

ಆಗ ಫೆಂಟನಿಲ್‌ನಂಥ ಮಾದಕ ಇರಲಿಲ್ಲ.

ಮದ್ದೂರು ವಡೆ

ಚರ್ಚು ಎಂದಿರಲ್ಲ, ಅದಕ್ಕೆ ನನ್ನದೊಂದು. ನಮ್ಮ ಕೂಟದ ಯುಗಾದಿ, ರಾಜ್ಯೋತ್ಸವ ಎಲ್ಲವೂ ನಡೆಯುವುದು ಒಂದು ಹಳೆಯ ಲೂಥರನ್ ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿ. ಬಾಡಿಗೆ ಕಡಿಮೆ. ಮಡಚುವ ಮೇಜುಗಳು, ದೊಡ್ಡ ಕಾಫಿ ಪಾತ್ರೆ, ಗೋಡೆಯ ಮೇಲೆ ವರ್ಷವರ್ಷದ ದೀಕ್ಷೆಯ ಮಕ್ಕಳ ಗುಂಪು ಫೋಟೊಗಳು. 1950ರ ದಶಕದ ಫೋಟೊದಲ್ಲಿ ಮೂರು ಸಾಲು ಮಕ್ಕಳು, ಎಪ್ಪತ್ತರ ದಶಕದಲ್ಲಿ ಒಂದು ಸಾಲು, ಆಮೇಲೆ ನಾಲ್ಕೈದು ಮಕ್ಕಳು, ಕೊನೆಯ ಚೌಕಟ್ಟಿನಲ್ಲಿ ಇಬ್ಬರು. ಅದರ ಪಕ್ಕದ ಮೊಳೆಗಳು ಖಾಲಿ. ಬೀಗದ ಕೈ ಕೊಡಲು ಬರುವ ಅಜ್ಜಿ ಹೇಳುವ ಪ್ರಕಾರ ಭಾನುವಾರದ ಪ್ರಾರ್ಥನೆಗೆ ಹದಿನೈದಿಪ್ಪತ್ತು ಜನ ಬಂದರೆ ಹೆಚ್ಚು. ನಮ್ಮ ಬಿಸಿಬೇಳೆಬಾತಿಗೆ ಇನ್ನೂರು ಜನ. ಒಮ್ಮೆ ಆಕೆ ನಮ್ಮ ಮಕ್ಕಳ ಕೋಲಾಟ ನೋಡುತ್ತಾ ಕೂತು, ಇಲ್ಲಿ ಇಷ್ಟು ಗಲಾಟೆ ಕೇಳಿ ಎಷ್ಟು ಕಾಲವಾಯಿತು ಎಂದರು.

ಗ್ಯಾಲಪ್ ಸಮೀಕ್ಷೆಯ ಲೆಕ್ಕದಲ್ಲೂ ಇದೇ ಇದೆ. 1999ರಲ್ಲಿ ಅಮೆರಿಕನ್ನರಲ್ಲಿ ನೂರಕ್ಕೆ 70 ಮಂದಿ ಯಾವುದಾದರೂ ಚರ್ಚಿನ, ಮಂದಿರದ ಸದಸ್ಯರಾಗಿದ್ದರು, 2020ರಲ್ಲಿ 47. ಅಜ್ಜಿಗೆ ರಾಜಕೀಯದ ಗೊಡವೆಯಿಲ್ಲ. ಸಂಪ್ರದಾಯವಾದಿಗಳ ದೂರಿನಲ್ಲಿ ನನಗೆ ನಿಜವಾಗಿ ತಟ್ಟುವ ಭಾಗ ಇದೊಂದೇ.

ಇನ್ನೊಂದು ವಿಷಯ, ಒಬ್ಬ ವಿವೇಕನ ಬಗ್ಗೆಯೇ ಮಾತನಾಡಿ ಇನ್ನೊಬ್ಬ ವಿವೇಕನನ್ನು ಮರೆತಿದ್ದೀರಿ. ನಮ್ಮ ಮಂಡ್ಯ ಜಿಲ್ಲೆ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ! ಒಬಾಮ, ಬೈಡನ್ ಇಬ್ಬರ ಕಾಲದಲ್ಲೂ ಸರ್ಜನ್ ಜನರಲ್, ಅಂದರೆ ದೇಶದ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯಾಧಿಕಾರಿ, ಆಗಿದ್ದವರು. 2023ರಲ್ಲಿ ಅವರು ಒಂಟಿತನವೇ ಈ ದೇಶದ ಸಾಂಕ್ರಾಮಿಕ ರೋಗ ಎಂದು ವರದಿ ಕೊಟ್ಟರು. ಜನರೊಡನೆ ಒಡನಾಟವಿಲ್ಲದಿರುವುದು ದಿನಕ್ಕೆ ಹದಿನೈದು ಸಿಗರೇಟು ಸೇದಿದಷ್ಟು ಅಪಾಯ ಎಂದರು. ಅವರೇನು ಸಂಪ್ರದಾಯವಾದಿಯಲ್ಲ. ಆದರೆ ದೂರು ಅದೇ ಅಲ್ಲವೇ?

ಕೊಲಂಬಸ್ ಕನ್ನಡತಿ

ವಡೆಯವರೇ, ಇದು ಒಳ್ಳೆಯ ಮಾತು. ಇಬ್ಬರು ವಿವೇಕರೂ ಅದೇ ರೋಗಿಯನ್ನು ನೋಡಿದ್ದಾರೆ. ಒಬ್ಬರು ಸೋಮಾರಿ, ಇನ್ನಷ್ಟು ಓದು ಎಂದರು, ಇನ್ನೊಬ್ಬರು ಒಂಟಿ, ನಾಲ್ಕು ಜನರ ಜೊತೆ ಬೆರೆ ಎಂದರು.

ಎರಡನೆಯ ತಲೆಮಾರು

ನಾನು ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅಜ್ಜಿಯಿಂದ ಕಲಿತದ್ದು. ರಾಮಸ್ವಾಮಿಯವರ ಆ ಬರಹದಲ್ಲಿ ನನಗೆ ಸಿಟ್ಟು ಬಂದದ್ದು ಒಂದು ಸಾಲಿಗೆ. ಗಣಿತದ ಟ್ಯೂಷನ್ ಹೆಚ್ಚಲಿ, ಗೆಳೆಯರ ಮನೆಯಲ್ಲಿ ರಾತ್ರಿ ಉಳಿಯುವುದು ಕಡಿಮೆಯಾಗಲಿ ಎಂದಿದ್ದರು. ಆ ರಾತ್ರಿಗಳು ನನಗೆ ಸಿಗಲೇ ಇಲ್ಲ! ಗೆಳತಿಯರೆಲ್ಲ ಒಂದು ಮನೆಯಲ್ಲಿ ಸೇರಿದ್ದಾಗ ನಾನು ಅಡುಗೆಮನೆಯ ಮೇಜಿನ ಮೇಲೆ ಸ್ಪೆಲ್ಲಿಂಗ್ ಪಟ್ಟಿ ಒಪ್ಪಿಸುತ್ತಿದ್ದೆ. ಜಿಲ್ಲಾ ಮಟ್ಟದಲ್ಲಿ ಸೋತೆ. ಪದಗಳೂ ಹೋದವು, ಗೆಳತಿಯರೂ ಹೋದರು. ಇದನ್ನು ಅಮೆರಿಕ ಉದ್ಧಾರವಾಗುವ ದಾರಿ ಎಂದು ಮಾರಬೇಡಿ.

ಹುಬ್ಬಳ್ಳಿ ಹವಾ

ತಂಗಿ, 2019ರ ರಾಷ್ಟ್ರೀಯ ಸ್ಪೆಲ್ಲಿಂಗ್ ಸ್ಪರ್ಧೆಯಲ್ಲಿ ಎಂಟು ಮಕ್ಕಳು ಒಟ್ಟಿಗೆ ಗೆದ್ದರು, ಅದರಲ್ಲಿ ಏಳು ನಮ್ಮವರ ಮಕ್ಕಳು. ಹೆಮ್ಮೆ ಪಡಬಾರದೇ?

ಎರಡನೆಯ ತಲೆಮಾರು

ಪಡಿ ಅಂಕಲ್. ಆ ಎಂಟು ಮಕ್ಕಳ ಹಿಂದೆ ಅಡುಗೆಮನೆಯ ಮೇಜಿನಲ್ಲಿ ಕೂತ ಸಾವಿರಾರು ಮಕ್ಕಳಿಗೂ ಒಂದು ಪಾಲು ಇಡಿ.

ನಿವೃತ್ತ ಮೇಷ್ಟ್ರು

ಆಲೂಗೆಡ್ಡೆಯ ಸ್ಪೆಲ್ಲಿಂಗ್ ಬಾರದೆಯೂ ಉಪಾಧ್ಯಕ್ಷರಾಗಬಹುದಾದ ದೇಶದಲ್ಲಿ ಮಕ್ಕಳನ್ನು ಇಷ್ಟು ಹಿಂಸಿಸುವುದೇಕೆ?

ಗಿರಗಿಟ್ಲೆ

ಮೇಷ್ಟ್ರು ನನ್ನ ಪಕ್ಷ ಸೇರಿದರು. ಈ ಖುಷಿಗೆ ಉಡುಪಿನ ವಿಷಯವನ್ನೂ ಎತ್ತುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಸೆನೆಟರ್ ಜಾನ್ ಫೆಟರ್‌ಮನ್ ಟೋಪಿ ಅಂಗಿ, ಚಡ್ಡಿಯಲ್ಲಿ ಬರುತ್ತಾರೆ ಎಂದು ಉಡುಪಿನ ನಿಯಮವನ್ನೇ ಸಡಿಲಿಸಿದರು. ನಾಗರಿಕತೆ ಮುಳುಗಿತು ಎಂದು ಬಲಪಂಥದ ಲೇಖಕರು ಎಷ್ಟು ಅಂಕಣ ಬರೆದರು! ಹತ್ತೇ ದಿನದಲ್ಲಿ ಕೋಟು, ಟೈ, ಪ್ಯಾಂಟು ಕಡ್ಡಾಯ ಎಂದು ಸೆನೆಟ್ ಸರ್ವಾನುಮತದಿಂದ ನಿರ್ಣಯ ಮಾಡಿತು. ಉಕ್ರೇನಿನ ಯುದ್ಧ, ಬಜೆಟ್ಟು ಯಾವುದಕ್ಕೂ ಬಾರದ ಒಮ್ಮತ ಪ್ಯಾಂಟಿಗೆ ಬಂತು. 2025ರ ಫೆಬ್ರುವರಿಯಲ್ಲಿ ಝೆಲೆನ್‌ಸ್ಕಿಯವರನ್ನು ಶ್ವೇತಭವನದಲ್ಲಿ ಕೂರಿಸಿಕೊಂಡು ನೀವೇಕೆ ಸೂಟು ಹಾಕಿಲ್ಲ ಎಂದು ಒಬ್ಬ ವರದಿಗಾರ ಕೇಳಿದ. ಅದೇ ತಿಂಗಳು ಅದೇ ಕೋಣೆಯಲ್ಲಿ ಎಲಾನ್ ಮಸ್ಕ್ ಕ್ಯಾಪು ಹಾಕಿಕೊಂಡು, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಆಗ ನಾಗರಿಕತೆ ತೇಲುತ್ತಿತ್ತು.

ಬಯಲುಸೀಮೆಯವ

ನಗಿಸುವುದು ಸುಲಭ. ಒಂದು ಪ್ರಶ್ನೆಗೆ ಉತ್ತರ ಕೊಡಿ. ಒಳ್ಳೆಯ ನಡತೆಯ ಅಭ್ಯರ್ಥಿಯನ್ನು ನಮ್ಮವರು ನಿಲ್ಲಿಸಲಿಲ್ಲವೇ? 2012ರಲ್ಲಿ ಮಿಟ್ ರೋಮ್ನಿ. ಒಬ್ಬಳೇ ಹೆಂಡತಿ, ಐದು ಮಕ್ಕಳು, ಕುಡಿಯುವುದಿಲ್ಲ, ಸೇದುವುದಿಲ್ಲ, ತನ್ನ ಚರ್ಚಿಗೆ ಆದಾಯದ ಹತ್ತನೆಯ ಒಂದು ಪಾಲು ಕೊಡುವವರು. ಅವರಿಗೆ ಏನು ಮಾಡಿದಿರಿ? ಕಾರಿನ ಮೇಲೆ ನಾಯಿ ಕಟ್ಟಿದ ಕಥೆ ಹೇಳಿ ತಿಂಗಳುಗಟ್ಟಲೆ ಆಡಿಕೊಂಡರು. ಇವರು ಗೆದ್ದರೆ ನಿಮ್ಮನ್ನು ಮತ್ತೆ ಸರಪಳಿಯಲ್ಲಿ ಕಟ್ಟುತ್ತಾರೆ ಎಂಬರ್ಥದಲ್ಲಿ ಬೈಡನ್ ಅವರೇ ವರ್ಜೀನಿಯಾದ ಸಭೆಯಲ್ಲಿ ಹೇಳಿದರು. ಸಭ್ಯನಿಗೂ ಇದೇ ಗತಿಯಾದರೆ, ಬೈದರೆ ತಿರುಗಿ ಬೈಯುವವನೇ ವಾಸಿ ಎಂದು ಜನ ತೀರ್ಮಾನಿಸಿದರು. 2016 ಹುಟ್ಟಿದ್ದು ಅಲ್ಲಿ.

ಕೊಲಂಬಸ್ ಕನ್ನಡತಿ

ಇಲ್ಲಿಯವರೆಗೆ ಬಂದದ್ದರಲ್ಲಿ ಇದು ಗಟ್ಟಿಯಾದ ವಾದ, ಒಪ್ಪುತ್ತೇನೆ. ರೋಮ್ನಿಗೆ ಆದದ್ದು ಅನ್ಯಾಯವೇ. ಆದರೆ ಇದು ಸೇಡಿನ ಮಾತಾಯಿತು. ಸೇಡಿಗಾಗಿ ಮತ ಹಾಕಿದೆವು ಎಂದು ನೇರವಾಗಿ ಹೇಳಲಿ, ಅರ್ಥವಾಗುತ್ತದೆ. ಆಮೇಲೂ ಶಾಲಾ ಮಂಡಳಿಯ ಸಭೆಗೆ ಬಂದು ಮೂರು ನಿಮಿಷದ ಅವಕಾಶದಲ್ಲಿ ಮೈಕು ಹಿಡಿದು ನಮ್ಮ ಗ್ರಂಥಪಾಲಕಿಗೆ ನೀತಿ ಬೋಧಿಸುತ್ತಾರಲ್ಲ, ಅಲ್ಲಿಗೆ ನನ್ನ ತಾಳ್ಮೆ ಮುಗಿಯುತ್ತದೆ. ನಮ್ಮ ಊರಿನ ಸಭೆಯಲ್ಲಿ ಒಬ್ಬರು ಹದಿಹರೆಯದವರ ಕಾದಂಬರಿಯೊಂದರ ಪುಟವನ್ನು ಗಟ್ಟಿಯಾಗಿ ಓದಿ, ಇಂಥ ಮಾತು ಮಕ್ಕಳ ಕಿವಿಗೆ ಬೀಳಬೇಕೇ ಎಂದು ಗುಡುಗಿದರು. ಅವರ ಅಂಗಿಯ ಎದೆಯ ಮೇಲೆ ಬೈಡನ್ ಅವರನ್ನು ಬೈಯುವ ಕೆಟ್ಟ ಮಾತು ದಪ್ಪಕ್ಷರದಲ್ಲಿತ್ತು. ಮೊದಲ ಸಾಲಿನಲ್ಲಿ ನಾಲ್ಕನೆಯ ತರಗತಿಯ ಮಕ್ಕಳು ಬಹುಮಾನ ತೆಗೆದುಕೊಳ್ಳಲು ಬಂದು ಕೂತಿದ್ದರು.

ಎರಡನೆಯ ತಲೆಮಾರು

ಅಕ್ಕ, ಆ ಅಂಗಿಯನ್ನು ಮಕ್ಕಳು ಖಂಡಿತ ಓದಿರುತ್ತಾರೆ. ಪುಸ್ತಕ ಓದುವುದು ಅನುಮಾನ.

ತುಂಗಾತೀರ

ರೋಮ್ನಿಯ ಕಥೆಯನ್ನು ಬಯಲುಸೀಮೆಯವರು 2012ರಲ್ಲೇ ನಿಲ್ಲಿಸಿದರು. ಮುಂದಿನದನ್ನು ನಾನು ಸೇರಿಸುತ್ತೇನೆ. 2020ರ ಫೆಬ್ರುವರಿಯಲ್ಲಿ ಟ್ರಂಪ್ ಮೇಲಿನ ಮೊದಲ ದೋಷಾರೋಪದ ವಿಚಾರಣೆಯಲ್ಲಿ, ತನ್ನದೇ ಪಕ್ಷದ ಅಧ್ಯಕ್ಷ ತಪ್ಪಿತಸ್ಥ ಎಂದು ಮತ ಹಾಕಿದ ಮೊದಲ ಸೆನೆಟರ್ ಅವರು. ದೇವರ ಮೇಲೆ ಪ್ರಮಾಣ ಮಾಡಿದ್ದೇನೆ, ಅದನ್ನು ಮೀರಲಾರೆ ಎಂದು ಗದ್ಗದಿತರಾಗಿಯೇ ಮಾತನಾಡಿದರು. 2021ರ ಮೇ ತಿಂಗಳಲ್ಲಿ ಯೂಟಾ ರಾಜ್ಯದ ರಿಪಬ್ಲಿಕನ್ ಸಮಾವೇಶದ ವೇದಿಕೆ ಹತ್ತಿದಾಗ ಅವರನ್ನು ಮಾತನಾಡಲು ಬಿಡದೆ ಕೂಗಿ ಹೀಯಾಳಿಸಿದರು. ಕೂಗಿದವರು ಹಾಲಿವುಡ್‌ನವರಲ್ಲ, ಪತ್ರಕರ್ತರಲ್ಲ, ಅವರದೇ ಪಕ್ಷದ, ಬಹುಪಾಲು ಅವರದೇ ಚರ್ಚಿನ ಜನ. ಖಂಡನಾ ನಿರ್ಣಯವನ್ನೂ ಮಂಡಿಸಿದರು.

ಬಯಲುಸೀಮೆಯವ

ಆ ನಿರ್ಣಯ ಬಿದ್ದುಹೋಯಿತು. ಅದನ್ನೂ ಹೇಳಿ.

ತುಂಗಾತೀರ

ಬಿತ್ತು. ವಿರುದ್ಧ 798, ಪರ 711.

ಹುಬ್ಬಳ್ಳಿ ಹವಾ

ಇದರಲ್ಲೂ ಎರಡೂವರೆ ಲೆಕ್ಕ ಹಾಕಬಹುದೇ ನೋಡುತ್ತೇನೆ.